ಪಾಪ ಎನಿಸಿಕೊಳ್ಳುವ ಮೊದಲು ಅದು ಆಲೋಚನೆಯಾಗಿತ್ತು

ಮರಳುಗಾಡಿನ ಮಧ್ಯಾಹ್ನ. ಗುಡಿಸಲಿನಲ್ಲಿ ಕೂತ ಸನ್ಯಾಸಿಗೆ ಸೂರ್ಯ ಕದಲುತ್ತಲೇ ಇಲ್ಲ ಅನ್ನಿಸುತ್ತದೆ. ಊಟದ ಹೊತ್ತಾಯಿತೇ ಎಂದು ಮತ್ತೆ ಮತ್ತೆ ಹೊರಗೆ ಇಣುಕುತ್ತಾನೆ. ಈ ಜಾಗ ಸರಿಯಿಲ್ಲ, ಜೊತೆಯವರಲ್ಲಿ ಪ್ರೀತಿಯಿಲ್ಲ, ಬೇರೆಲ್ಲಾದರೂ ಹೋದರೆ ನೆಮ್ಮದಿ ಎಂಬ ಯೋಚನೆ ಹತ್ತುತ್ತದೆ. ಮನೆಯವರ ನೆನಪೂ ಬರುತ್ತದೆ.

ನಮ್ಮಲ್ಲಿ ಅನೇಕರಿಗೆ ಆಫೀಸಿನ ಇಳಿಹೊತ್ತು ನೆನಪಾಗಬಹುದು. ಆದರೆ ಈ ಚಿತ್ರ 4ನೇ ಶತಮಾನದ ಈಜಿಪ್ಟಿನದು. ಬರೆದವನು ಎವಾಗ್ರಿಯಸ್, ಈ ಬೇಸರವನ್ನು ಗ್ರೀಕಿನಲ್ಲಿ ‘ಅಕೀಡಿಯಾ’ ಎಂದು ಕರೆದ.

ಎವಾಗ್ರಿಯಸ್ ಕಪ್ಪುಸಮುದ್ರದ ಕಡೆಯ ಪೊಂಟಸ್ ಪ್ರಾಂತದವನು. 381ರ ಮಹಾಸಭೆಯ ಸಮಯದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಡೀಕನ್ ಆಗಿದ್ದ, ವಾದದಲ್ಲಿ ಗಟ್ಟಿಗ. ಅಲ್ಲಿ ಒಬ್ಬ ವಿವಾಹಿತೆಯ ಮೇಲೆ ಮನಸ್ಸಾಯಿತು ಎಂದು ಶಿಷ್ಯ ಪಲ್ಲಾಡಿಯಸ್ ಬರೆದಿಟ್ಟಿದ್ದಾನೆ. ಹೆದರಿ ಜೆರುಸಲೇಮಿಗೆ ಓಡಿದ. ಅಲ್ಲಿಯೂ ಮನಸ್ಸು ತೂಗಾಡಿ ಕಾಯಿಲೆ ಬಿದ್ದ. ಆಶ್ರಯ ಕೊಟ್ಟ ಮೆಲಾನಿಯಾ ಎಂಬ ಹಿರಿಯಳು ಅವನ ಬಾಯಿಂದ ವಿಷಯ ಹೊರಡಿಸಿ, ಈಜಿಪ್ಟಿಗೆ ಕಳಿಸಿದಳು. 399ರಲ್ಲಿ ಸಾಯುವವರೆಗೂ ಅವನು ಅಲ್ಲೇ ಇದ್ದ. ಹೊಟ್ಟೆಪಾಡಿಗೆ ಪುಸ್ತಕ ನಕಲು ಮಾಡುತ್ತಿದ್ದ.

ಊರು ಬಿಟ್ಟರೂ ಮನಸ್ಸು ಜೊತೆಗೇ ಬಂದಿತ್ತು. ಆದ್ದರಿಂದ ಅದನ್ನೇ ಗಮನಿಸಿದ. ಹೊಟ್ಟೆಬಾಕತನ, ಕಾಮ, ಧನದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಅಹಂಕಾರ ಎಂದು ಎಂಟನ್ನು ಎಣಿಸಿದ. ನಮ್ಮ ಅರಿಷಡ್ವರ್ಗ ಬಲ್ಲವರಿಗೆ ಕೆಲವು ಪರಿಚಿತವೇ. ಎವಾಗ್ರಿಯಸ್ ಇವನ್ನು ‘ಆಲೋಚನೆಗಳು’ ಎಂದ. ಅವು ಬರುವುದು ನಮ್ಮ ಕೈಯಲ್ಲಿಲ್ಲ. ಬಂದವನ್ನು ಉಳಿಸಿಕೊಳ್ಳುವುದು, ಬಿಡುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ಬೋಧನೆಯ ತಿರುಳು. ಯಾವುದು ಯಾವ ಹೊತ್ತಿಗೆ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ನೋಡಿಕೊಳ್ಳಲು ಹೇಳಿದ. ಒಂದೊಂದು ಆಲೋಚನೆಗೂ ಬೈಬಲಿನಿಂದ ಉತ್ತರ ಆರಿಸಿ, ಸುಮಾರು 500 ಉತ್ತರಗಳ ಪುಸ್ತಕವನ್ನೇ ಮಾಡಿದ. ದಿನವೂ ಹೀಗೆ ಉತ್ತರ ಕೊಡುತ್ತ ಹೋದವನ ಸ್ವಭಾವವೇ ನಿಧಾನವಾಗಿ ಬದಲಾಗುತ್ತದೆ ಎಂಬುದು ಅವನ ನಂಬಿಕೆ.

ಮುಂದೆ ಜಾನ್ ಕ್ಯಾಸಿಯನ್ ಈ ಪಟ್ಟಿಯನ್ನು ಲ್ಯಾಟಿನ್ನಿಗೆ ತಂದ. ಅಲ್ಲಿ ‘ಆಲೋಚನೆ’ಗಳು ‘ದುರ್ಗುಣ’ಗಳಾದವು. 6ನೇ ಶತಮಾನದ ಕೊನೆಗೆ ಗ್ರೆಗೊರಿ ಅಹಂಕಾರವನ್ನು ಎಲ್ಲದರ ಬೇರೆಂದು ಇಟ್ಟು, ಉಳಿದವನ್ನು ಏಳಾಗಿ ಜೋಡಿಸಿದ. ಕಾಲಕ್ರಮದಲ್ಲಿ ಅವು ‘ಏಳು ಮಹಾಪಾಪ’ಗಳೆಂದು ಪ್ರಸಿದ್ಧವಾದವು. ಎವಾಗ್ರಿಯಸ್ ಮಾತ್ರ ಧರ್ಮವಿವಾದದಲ್ಲಿ ಖಂಡನೆಗೊಳಗಾದ. ಅವನ ಕೆಲವು ಬರಹಗಳು ನೀಲಸ್ ಎಂಬ ಬೇರೊಬ್ಬರ ಹೆಸರಿನಲ್ಲಿ ಉಳಿದವು.

ಪಟ್ಟಿ ಉಳಿದರೂ ಒಂದು ಸಣ್ಣ ಅಂತರ ಮರೆಯಾಯಿತು. ಕೆಟ್ಟ ಯೋಚನೆ ಬಂದ ಮಾತ್ರಕ್ಕೆ ತಾನು ಕೆಟ್ಟವನೆಂದು ಕೊರಗುವವರು ಇಂದಿಗೂ ಇದ್ದಾರೆ. ಯೋಚನೆ ಬಾಗಿಲಿಗೆ ಬರುವುದಕ್ಕೂ ಅದನ್ನು ಒಳಗೆ ಕರೆದು ಕೂರಿಸುವುದಕ್ಕೂ ನಡುವೆ ಸ್ವಲ್ಪ ಸಮಯವಿದೆ. ಮನುಷ್ಯನ ಗುಣ ರೂಪುಗೊಳ್ಳುವುದು ಆ ಸಮಯದಲ್ಲೇ ಎಂದು, ಸ್ವತಃ ಎಡವಿದ್ದ ಆ ಡೀಕನ್ ಅರಿತುಕೊಂಡಿದ್ದ.