ನಾಗರಹಾವೋ, ಕೇರೆಹಾವೋ?

ಹರಿಹರದಿಂದ ಶಿವಮೊಗ್ಗದ ಕಡೆಗೆ ಹೊರಟರೆ ಭತ್ತದ ಗದ್ದೆಗಳ ನಡುವೆ ಮಲೇಬೆನ್ನೂರು ಸಿಗುತ್ತದೆ. ತ.ರಾ.ಸು. ಎಂದೇ ನಾಡಿಗೆ ಪರಿಚಿತರಾದ ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು 1920ರ ಏಪ್ರಿಲ್ 21ರಂದು ಹುಟ್ಟಿದ್ದು ಈ ಊರಿನಲ್ಲಿ. ಅರ್ಧ ಶತಮಾನ ಕಳೆದರೂ ಕನ್ನಡಿಗರ ಮನಸ್ಸಿನಿಂದ ಮಾಸದ ಒಂದು ಚಲನಚಿತ್ರ ಅವರ ಕಾದಂಬರಿಯಿಂದ ಹುಟ್ಟಿತು. ಆ ಚಿತ್ರವನ್ನು ಮೆಚ್ಚದವರ ಸಾಲಿನಲ್ಲಿ ಸ್ವತಃ ಅವರೇ ಇದ್ದರು ಎಂಬುದು ವಿಚಿತ್ರವಾದರೂ ನಿಜ.

1972ರ 'ನಾಗರಹಾವು' ಚಿತ್ರವನ್ನು ನಿರ್ಮಿಸಿದವರು ಎನ್. ವೀರಾಸ್ವಾಮಿ, ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಅದರಲ್ಲಿ ಒಂದೇ ಕಥೆಯಾಗಿ ಹೆಣೆಯಲಾಗಿತ್ತು. ವಿಷ್ಣುವರ್ಧನ್ ನಾಯಕನಟರಾದದ್ದು, ಅಂಬರೀಷ್ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡದ್ದು ಈ ಚಿತ್ರದಿಂದಲೇ. ಆದರೆ ಚಿತ್ರ ನೋಡಿದ ಕಾದಂಬರಿಕಾರರಿಗೆ ಸಮಾಧಾನವಾಗಲಿಲ್ಲ. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂಬರ್ಥದ ಅವರ ಮಾತು ಇಂದಿಗೂ ಚಿತ್ರರಸಿಕರ ಬಾಯಲ್ಲಿದೆ. ಜನರ ತೀರ್ಪು ಇದಕ್ಕೆ ತದ್ವಿರುದ್ಧವಾಗಿತ್ತು. ಇಬ್ಬರಲ್ಲಿ ಯಾರು ಸರಿ?

ದುರ್ಗ ದೂರವಲ್ಲ

ಈ ಪ್ರಶ್ನೆ ದಾವಣಗೆರೆ, ಹರಿಹರಗಳ ಪ್ರೇಕ್ಷಕರಿಗೆ ತೀರಾ ಹತ್ತಿರದ್ದು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎರಡೂ ಊರುಗಳು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿಲೋಮೀಟರು. ಹತ್ತಿ ಗಿರಣಿಗಳ ದಾವಣಗೆರೆಯಲ್ಲಿ, ಕಿರ್ಲೋಸ್ಕರ್ ಕಾರ್ಖಾನೆಯ ಹರಿಹರದಲ್ಲಿ ಪಾಳಿ ಮುಗಿಸಿ ಟಾಕೀಸಿಗೆ ಬಂದವರಿಗೆ ತೆರೆಯ ಮೇಲಿನ ಬಂಡೆ, ಬತೇರಿ, ಬಾಗಿಲುಗಳು ಸ್ಟುಡಿಯೋ ಸೆಟ್ ಆಗಿರಲಿಲ್ಲ. ತಮ್ಮದೇ ಜಿಲ್ಲೆಯ ಕೋಟೆಯಾಗಿದ್ದವು. ಜಯಂತಿ ಅಭಿನಯಿಸಿದ ಒನಕೆ ಓಬವ್ವನ ಪ್ರಸಂಗ ಕಥೆಯ ಓಟಕ್ಕೆ ಅನಿವಾರ್ಯವೇನಲ್ಲ. ಆದರೂ ಓಬವ್ವನೆಂದರೆ ಇಂದಿಗೂ ಅನೇಕರ ಕಣ್ಣಮುಂದೆ ಬರುವುದು ಆ ಕೆಲವು ನಿಮಿಷಗಳೇ.

ಆ ಕಾಲದಲ್ಲಿ ಚಿತ್ರವೊಂದರ ಮೇಲಿನ ಅಭಿಪ್ರಾಯ ಮೊದಲ ವಾರಕ್ಕೇ ಮುಗಿಯುತ್ತಿರಲಿಲ್ಲ. ನಗರದ ಚಿತ್ರಮಂದಿರದಿಂದ ತಾಲ್ಲೂಕಿನ ಟಾಕೀಸಿಗೆ, ಅಲ್ಲಿಂದ ಹಳ್ಳಿಯ ಟೆಂಟಿಗೆ ರೀಲಿನ ಡಬ್ಬಗಳು ಸಾಗುತ್ತಿದ್ದವು. ಕೆಲವು ವರ್ಷ ಬಿಟ್ಟು ಮತ್ತೆ ಅದೇ ಚಿತ್ರ ಬರುತ್ತಿತ್ತು. ಹದಿನೆಂಟರ ವಯಸ್ಸಿನಲ್ಲಿ ನೋಡಿದವನು ಮೂವತ್ತರಲ್ಲಿ ಇನ್ನೊಮ್ಮೆ ನೋಡಿ ಬೇರೆಯದೇ ಅರ್ಥ ಕಂಡುಕೊಳ್ಳಬಹುದಾಗಿತ್ತು. ಚಿತ್ರವೊಂದು ಆರಾಧನೆಗೆ ಪಾತ್ರವಾಗುವುದು ಹೀಗೆ ಹಲವು ಸಲ ನೋಡಿದ ಮೇಲೆ.

ಇದೇ ಕಥೆಯನ್ನು ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರ್ ನಾಯಕತ್ವದಲ್ಲಿ 'ಜಹ್ರೀಲಾ ಇನ್ಸಾನ್' ಎಂದು ಹಿಂದಿಗೆ ತಂದರು. ನಿರ್ದೇಶಕರು ಅವರೇ, ಕಥೆಯೂ ಅದೇ. ಆದರೆ ನಿರೀಕ್ಷಿತ ಯಶಸ್ಸು ದೊರೆಯಲಿಲ್ಲ. ಭಾಷೆ ಮತ್ತು ನೆಲದ ನಂಟು ಕಡಿದಾಗ ಹಾವು ಹೆಡೆಯೆತ್ತಲಿಲ್ಲ.

ಮೇಷ್ಟ್ರ ಮಾತು

ರಾಮಾಚಾರಿ ಕೆಣಕಿದರೆ ಭುಸುಗುಟ್ಟುವ ಹುಡುಗ. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಅವಮಾನಕ್ಕೆ ಪ್ರಿನ್ಸಿಪಾಲರನ್ನೇ ಕಂಬಕ್ಕೆ ಕಟ್ಟಿಹಾಕುವವನು. ಅಂಥವನು ತಲೆಬಾಗುವುದು ಕೆ.ಎಸ್. ಅಶ್ವತ್ಥ್ ಅಭಿನಯಿಸಿದ ಚಾಮಯ್ಯ ಮೇಷ್ಟ್ರ ಮಾತಿಗೆ ಮಾತ್ರ. ಗುರುಶಿಷ್ಯರ ಈ ಪ್ರೀತಿಯನ್ನೇ ಜನ ಹೆಚ್ಚಾಗಿ ನೆನೆಯುತ್ತಾರೆ. ಚಿತ್ರವನ್ನು ಗುರುಭಕ್ತಿಯ ಕಥೆಯೆಂದು ಹೊಗಳುವವರೂ ಇದ್ದಾರೆ.

ಆದರೆ ಕಥೆಯ ನಡೆ ಅಷ್ಟು ಸರಳವಲ್ಲ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳನ್ನು ಕಾಣುವ ಹೊತ್ತಿಗೆ ಅವಳ ಬದುಕು ಹಾಳಾಗಿ ವೇಶ್ಯಾವೃತ್ತಿಗೆ ಬಿದ್ದಿರುತ್ತಾಳೆ. ಕ್ರೈಸ್ತ ಹುಡುಗಿ ಮಾರ್ಗರೆಟ್ಟಳನ್ನು ಮದುವೆಯಾಗಲು ಹೊರಟಾಗ ಅದೇ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಮೊದಲ ಸಲ ತಲೆಬಾಗಿದ್ದರ ಫಲ ಶಿಷ್ಯನಿಗೆ ಈಗ ಗೊತ್ತಿದೆ. ಕೊನೆಗೆ ದುರ್ಗದ ಬೆಟ್ಟದ ಮೇಲೆ ಗುರುವೂ ಉಳಿಯುವುದಿಲ್ಲ, ಪ್ರೇಮಿಗಳೂ ಉಳಿಯುವುದಿಲ್ಲ.

ಚಿತ್ರದ ವಿಷ ಇರುವುದು ಇಲ್ಲಿ. ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ. ಊರಿನ ಅತ್ಯಂತ ಒಳ್ಳೆಯ ಮನುಷ್ಯ. ಅಂಥವರ ಬಾಯಿಂದಲೂ ಸಮಾಜದ ಕಟ್ಟುಪಾಡೇ ಮಾತನಾಡುತ್ತದೆ, ಪ್ರೀತಿಯ ಹೆಸರಿನಲ್ಲಿ ಕೇಳಿದ ತ್ಯಾಗ ಒಂದು ಹೆಣ್ಣಿನ ಬಾಳನ್ನೇ ನುಂಗುತ್ತದೆ ಎಂದು ತೋರಿಸಿದ ಚಿತ್ರವನ್ನು ಕೇರೆಹಾವು ಎನ್ನುವುದು ಕಷ್ಟ. ಹಾಗೆಂದು ತ.ರಾ.ಸು. ಅವರ ಆಕ್ಷೇಪವನ್ನು ತಳ್ಳಿಹಾಕುವಂತೆಯೂ ಇಲ್ಲ. ಮೂರು ಕಾದಂಬರಿಗಳನ್ನು ಮೂರು ಗಂಟೆಗೆ ಇಳಿಸುವಾಗ ಪಾತ್ರಗಳ ಒಳತೋಟಿ ಸೊರಗುವುದು ಸಹಜ. ಇಪ್ಪತ್ತೆರಡರ ವಿಷ್ಣುವರ್ಧನರ ಮುಖ, ವಿಜಯಭಾಸ್ಕರ್ ಅವರ ಸಂಗೀತ ಎರಡೂ ಸೇರಿ ಹುಡುಗನ ಸಿಟ್ಟನ್ನು ಪ್ರಶ್ನಿಸುವುದಕ್ಕಿಂತ ಮುದ್ದಿಸುವಂತೆ ಮಾಡಿದವು.

ಉಳಿದದ್ದು ಸಿಟ್ಟು

ಮುಂದಿನ ಚಿತ್ರಗಳು ಎತ್ತಿಕೊಂಡದ್ದು ಆ ಮುದ್ದನ್ನೇ. ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ಅಭಿನಯಿಸಿದ 'ಓಂ' 1995ರಲ್ಲಿ ಬಂತು. ಮತ್ತೆ ಮತ್ತೆ ಮರುಬಿಡುಗಡೆಯಾಗಿ ತನ್ನದೇ ಆರಾಧಕರನ್ನು ಗಳಿಸಿತು. ಅದರ ನಾಯಕ ಭೂಗತ ಲೋಕಕ್ಕೆ ಇಳಿದರೂ ಅಲ್ಲಿಂದ ಹೊರಬರಲು ಹಂಬಲಿಸುತ್ತಾನೆ. ಸಿಟ್ಟಿಗೆ ಬೆಲೆ ತೆರಬೇಕೆಂಬ ಎಚ್ಚರ ಅಲ್ಲಿಯೂ ಇದೆ. 2014ರ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ'ಯಲ್ಲಿ ಯಶ್ ವಹಿಸಿದ ಪಾತ್ರ ವಿಷ್ಣುವರ್ಧನ್ ಅಭಿಮಾನಿಯದು. ಹೆಸರು, ಠೀವಿ, ಕೋಪ ಎಲ್ಲವೂ 1972ರಿಂದ ಬಂದವು. ಚಿತ್ರ ಲವಲವಿಕೆಯಿಂದ ಕೂಡಿದೆ, ಸುಖಾಂತವೂ ಆಗಿದೆ. ಆದರೆ ಜಾತಿ, ಧರ್ಮ, ಗುರುವಿನ ಅಧಿಕಾರ ಕುರಿತ ಹಳೆಯ ಪ್ರಶ್ನೆ ಅದರ ಜೊತೆ ಪಯಣಿಸಲಿಲ್ಲ. ಹಾವಿನ ಪೊರೆ ಬಂತು, ಹಾವು ಬರಲಿಲ್ಲ.

ಕಾದಂಬರಿಕಾರರಿಗೂ ನಿರ್ದೇಶಕರಿಗೂ ನಡುವಿನ ಭಿನ್ನಾಭಿಪ್ರಾಯ ಕೊನೆಯವರೆಗಿನ ಹಗೆಯಾಗಲಿಲ್ಲ. ಪುಟ್ಟಣ್ಣನವರ ಕೊನೆಯ ಚಿತ್ರ 'ಮಸಣದ ಹೂವು' ತ.ರಾ.ಸು. ಅವರ ಕಾದಂಬರಿಯನ್ನೇ ಆಧರಿಸಿದ್ದು. ಚಿತ್ರ ಮುಗಿಯುವ ಮುನ್ನವೇ, 1984ರಲ್ಲಿ ತ.ರಾ.ಸು., 1985ರಲ್ಲಿ ಪುಟ್ಟಣ್ಣ ಕಣ್ಮುಚ್ಚಿದರು. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು.

2018ರಲ್ಲಿ 'ನಾಗರಹಾವು' ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ ಮತ್ತೆ ಚಿತ್ರಮಂದಿರಗಳಿಗೆ ಬಂತು. ಆ ವೇಳೆಗೆ ಟೆಂಟುಗಳು ಮರೆಯಾಗಿದ್ದವು. ಹೊಸ ಚಿತ್ರದ ಹಣೆಬರಹ ಮೊದಲ ದಿನದ ಮಧ್ಯಾಹ್ನಕ್ಕೇ ಮೊಬೈಲಿನಲ್ಲಿ ನಿರ್ಧಾರವಾಗುವ ಕಾಲ ಬಂದಿತ್ತು. ಇಂಥ ಅವಸರದಲ್ಲಿ ಮೊದಲು ಕಳೆದುಹೋಗುವುದು ಎರಡನೆಯ ನೋಟ. ಮೊದಲ ಸಲ ನೋಡಿದಾಗ ರಾಮಾಚಾರಿಯ ಸಿಟ್ಟು ಕಾಣುತ್ತದೆ. ಮೇಷ್ಟ್ರ ತಪ್ಪು ಕಾಣಬೇಕಾದರೆ ಇನ್ನೊಮ್ಮೆ ನೋಡಬೇಕು.