ಕಾಣುವ ಧೂಳು, ಕಾಣದ ಧೂಳು

ಮುರಗೋಡದ ಎರೆನೆಲದಲ್ಲಿ ಜೋಳದ ರಾಶಿಯ ಕಾಲಕ್ಕೆ ಕಣದ ಬಳಿ ನಿಂತವರಿಗೆ ಧೂಳಿನ ಪರಿಚಯ ಹೇಳಬೇಕಾದುದಿಲ್ಲ. ತೂರುವ ರೈತನ ಹುಬ್ಬುಮೀಸೆಗಳು ಧೂಳಿನಿಂದ ಬೆಳ್ಳಗಾಗುತ್ತವೆ, ಸೀನು ಬರುತ್ತದೆ, ಸಂಜೆ ಕ್ಯಾಕರಿಸಿದರೆ ಮಾಸಲು ಕಫ ಬೀಳುತ್ತದೆ. ಈ ಧೂಳೂ ನಿರಪಾಯವಾದುದಲ್ಲ. ಆದರೂ ಅದರ ಬಹುಭಾಗವನ್ನು ದೇಹವು ಹೊರದೂಡಬಲ್ಲದು. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವನ ಪಾಡು ಬೇರೆ. ಅವನ ಎದೆಯನ್ನು ಹೊಕ್ಕ ಧೂಳು ಅಲ್ಲಿಯೇ ನೆಲಸಿತು. ಈ ಭೇದಕ್ಕೆ ಕಾರಣವೇನು?

ಗಣಿಯ ಧೂಳು ಪ್ರಾಣಹಾರಿಯೆಂಬುದು ಹಳೆಯ ಅರಿವು. ಜರ್ಮನಿಯ ಅಗ್ರಿಕೋಲಾ 1556ರಲ್ಲಿ ಪ್ರಕಟವಾದ ಗ್ರಂಥದಲ್ಲಿಯೂ, ಇಟಲಿಯ ವೈದ್ಯ ರಮಜ್ಜೀನಿ 1700ರಲ್ಲಿಯೂ ಇದನ್ನು ಬರೆದಿಟ್ಟರು. ಆದರೆ ಬೇರೆ ಬೇರೆ ಗಾತ್ರದ ಕಣಗಳು ಶ್ವಾಸಮಾರ್ಗದಲ್ಲಿ ಎಲ್ಲೆಲ್ಲಿ ತಂಗುವುವೆಂಬ ಲೆಕ್ಕವನ್ನು ಫಿಂಡೈಸನ್ ಎಂಬಾತನು ಕಟ್ಟಿಕೊಟ್ಟುದು 1935ರಲ್ಲಿ.

ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನು. 10 ಮೈಕ್ರಾನಿಗೆ ಮೀರಿದ ಕಣಗಳಲ್ಲಿ ಬಹಳಷ್ಟು ಮೂಗು ಗಂಟಲುಗಳಲ್ಲಿಯೇ ಸಿಕ್ಕಿಬೀಳುತ್ತವೆ. ಅದಕ್ಕಿಂತ ಸಣ್ಣವು ಶ್ವಾಸನಾಳಗಳ ಲೋಳೆಗೆ ಅಂಟುತ್ತವೆ. ಅಲ್ಲಿನ ನವುರಾದ ರೋಮಗಳು ಎಡೆಬಿಡದೆ ಬಡಿಯುತ್ತ ಆ ಲೋಳೆಯನ್ನು ಗಂಟಲಿಗೆ ಏರಿಸುತ್ತವೆ. ಸಾಮಾನ್ಯವಾಗಿ ಒಂದು ದಿನದೊಳಗೆ ನಾವು ಅದನ್ನು ಉಗುಳುತ್ತೇವೆ, ಇಲ್ಲವೆ ಅರಿಯದೆ ನುಂಗುತ್ತೇವೆ. 5 ಮೈಕ್ರಾನಿಗೆ ಕಡಿಮೆಯಾದ ಕಣಗಳಾದರೋ ಪುಪ್ಪುಸದ ಕಡೆಯ ಗಾಳಿಗೂಡುಗಳವರೆಗೆ ಇಳಿಯಬಲ್ಲವು. ಅವುಗಳಲ್ಲಿ ಕೆಲವು ಉಸಿರಿನೊಡನೆ ಹಿಂದಿರುಗುತ್ತವೆ, ಕೆಲವು ಉಳಿಯುತ್ತವೆ. ಆ ಗೂಡುಗಳಲ್ಲಿ ರೋಮಗಳಿಲ್ಲ. ಕಣಗಳನ್ನು ನುಂಗುವ ಭಕ್ಷಕ ಜೀವಕೋಶಗಳೇ ಅಲ್ಲಿಯ ಕಾವಲುಗಾರರು. ಇಂತಹ ಭಕ್ಷಣಕ್ರಿಯೆಯನ್ನು ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಯಲ್ಲಿ ಕಂಡಿದ್ದನು. ಇವುಗಳ ಕೆಲಸ ನಿಧಾನವಾದುದು. ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ.

ಬೆಣಚುಕಲ್ಲಿನ ಹುಡಿ ಈ ಕಾವಲುಗಾರರನ್ನೇ ಕೊಲ್ಲುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗಿ ತಾನೂ ಸಾಯುತ್ತದೆ. ಹೀಗೆ ನಡೆಯುತ್ತ ಪುಪ್ಪುಸವು ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ ಗಣಿಗಳಲ್ಲಿ ಇದು 1934ರಲ್ಲಿ ವರದಿಯಾಯಿತು. 1940–46ರಲ್ಲಿ 7653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯಲ್ಲಿ ಅದರ ಗುರುತು ಕಂಡಿತು. 2001ರಲ್ಲಿ ಗಣಿಗಳು ಮುಚ್ಚಿದುವು. ಆದರೆ ಗಡುಸಾದ ಪುಪ್ಪುಸ ಮತ್ತೆ ಮೆತ್ತಗಾಗುವುದಿಲ್ಲ.

ಕಲ್ಲು ಕೊರೆಯುವ ಕೆಲಸ ನಾಡಿನಲ್ಲಿ ಇಂದಿಗೂ ನಡೆದೇ ಇದೆ. ಮೂಗಿಗೆ ಸುತ್ತಿದ ವಸ್ತ್ರವು ದಪ್ಪ ಧೂಳನ್ನು ತಡೆದೀತು. ನುಣ್ಣನೆಯ ಹುಡಿಗೆ ಅದು ತಕ್ಕ ತಡೆಯಲ್ಲ. ನೀರು ಹಾಯಿಸಿ ಕೊರೆಯುವುದು, ಗಾಳಿಯಾಡುವಂತೆ ಮಾಡುವುದು, ಇವೇ ಮೊದಲ ರಕ್ಷಣೆ. ಕಣ್ಣಿಗೆ ಕಾಣುವ ಧೂಳು ಅಡಗಿದ ಮಾತ್ರಕ್ಕೆ ಗಾಳಿ ಶುದ್ಧವಾಯಿತೆಂದು ನಂಬಲಾಗದು; ಮಾನವನ ಪುಪ್ಪುಸಕ್ಕೆ ಹೊರದೂಡಲು ಬಾರದ ಧೂಳು ಆಗಲೂ ಅಲ್ಲಿ ತೇಲುತ್ತಿರಬಹುದು.