ಖಡ್ಗವು ಪ್ರಜಾಪ್ರಭುತ್ವವನ್ನು ತರಬಲ್ಲುದೇ? - 1948ರ ಹೈದರಾಬಾದು ಕಲಿಸುವ ಪಾಠ

ಸೈನ್ಯಬಲದಿಂದ ಒಂದು ನಾಡಿಗೆ ಪ್ರಜಾಪ್ರಭುತ್ವವನ್ನು ತಂದುಕೊಡಲು ಸಾಧ್ಯವೇ ಎಂಬ ಪ್ರಶ್ನೆಯು ಇರಾಕ್, ಅಫಘಾನಿಸ್ತಾನಗಳ ಯುದ್ಧಗಳಿಂದಾಗಿ ಜಗತ್ತಿನಾದ್ಯಂತ ಚರ್ಚೆಗೆ ಬಂದಿದೆ. ನವಲಗುಂದ, ಅಣ್ಣಿಗೇರಿ ಸೀಮೆಯವರಾದ ನಮಗೆ ಇದು ದೂರದ ಪ್ರಶ್ನೆಯಲ್ಲ. 1948ರಲ್ಲಿ ನಮ್ಮ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು. ಅದರ ಪೂರ್ವದ ಗಡಿಯಾಚೆ, ಜೈನರ ಪ್ರಾಚೀನ ತೀರ್ಥವಾದ ಕೊಪಣ, ಎಂದರೆ ಇಂದಿನ ಕೊಪ್ಪಳ, ನಿಜಾಮನ ಆಳ್ವಿಕೆಗೆ ಒಳಪಟ್ಟಿತ್ತು.

1947ರ ನವೆಂಬರದಲ್ಲಿ ನಿಜಾಮನು ಭಾರತದೊಡನೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡನಾದರೂ ಜವಾಬ್ದಾರಿ ಸರಕಾರವನ್ನು ಕೊಡಲಿಲ್ಲ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಬೆಳೆಯಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ಘೋರ ಹತ್ಯಾಕಾಂಡ ನಡೆಯಿತು. ಹೋರಾಟಗಾರರು ಗಡಿ ದಾಟಿ ಬಂದು ನಮ್ಮ ಜಿಲ್ಲೆಯಲ್ಲೇ ಅಂದು ಇದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳನ್ನು ಕಟ್ಟಿದರು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರಾಗಿದ್ದರು. ಸೆಪ್ಟೆಂಬರ 13ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು; 17ರಂದು ನಿಜಾಮನು ಶರಣಾದನು.

ಹಾಗಾದರೆ ಖಡ್ಗವೇ ಪ್ರಜಾಪ್ರಭುತ್ವವನ್ನು ತಂದಿತೆನ್ನೋಣವೇ? ಶರಣಾಗತಿಯ ಮರುದಿನ ಅಲ್ಲಿ ಸ್ಥಾಪಿತವಾದುದು ಜನರಲ್ ಚೌಧುರಿಯವರ ಸೈನಿಕ ಆಡಳಿತವೇ ಹೊರತು ಜನರ ಆಡಳಿತವಲ್ಲ. ಜನರು ತಮ್ಮ ಮತದಿಂದ ಸರಕಾರವನ್ನು ಆರಿಸಿದುದು 1952ರಲ್ಲಿ. ಆ ಚುನಾವಣೆಗೆ ನೆಲವನ್ನು ಹದಮಾಡಿದವರು 1938ರಿಂದ ನಿಷೇಧ, ಸೆರೆಮನೆಗಳನ್ನು ಸಹಿಸಿ ಸ್ಟೇಟ್ ಕಾಂಗ್ರೆಸ್ಸನ್ನು ಉಳಿಸಿದ ಸ್ವಾಮಿ ರಮಾನಂದ ತೀರ್ಥರಂತಹವರು. ಸೈನ್ಯವು ಅಡ್ಡವಾಗಿದ್ದ ಕಲ್ಲನ್ನು ಸರಿಸಿತು; ಬೀಜ ಬಿತ್ತಿದವರು ಬೇರೆಯವರು. ಹೈದರಾಬಾದು ಪರದೇಶವೂ ಆಗಿರಲಿಲ್ಲ. ಅಲ್ಲಿಯ ಜನರು ನಮ್ಮ ಬಂಧುಗಳೇ. ಇಂತಹ ಬೀಜ, ಇಂತಹ ಬಂಧುತ್ವಗಳಿಲ್ಲದ ಅಫಘಾನಿಸ್ತಾನದಲ್ಲಿ ಇಪ್ಪತ್ತು ವರ್ಷ ವಿದೇಶಿ ಸೈನ್ಯವಿದ್ದರೂ 2021ರಲ್ಲಿ ಕಟ್ಟಿದುದೆಲ್ಲ ಕುಸಿಯಿತು. ಮೈಸೂರು ಸಂಸ್ಥಾನದಲ್ಲಾದರೋ ಸೈನ್ಯದ ಪ್ರವೇಶವಿಲ್ಲದೆಯೇ 1947ರ ಸತ್ಯಾಗ್ರಹದ ಫಲವಾಗಿ ಅಕ್ಟೋಬರದಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರಕಾರವು ಬಂದಿತು.

ಇನ್ನೊಂದು ಲೆಕ್ಕವಿದೆ. ಶರಣಾಗತಿಯ ಆಸುಪಾಸಿನಲ್ಲಿಯೂ ಅನಂತರವೂ ಸಂಸ್ಥಾನದ ಮುಸ್ಲಿಮರ ಮೇಲೆ ಭೀಕರ ಸೇಡು ನಡೆಯಿತು. ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರನ್ನು 27 ಸಾವಿರದಿಂದ 40 ಸಾವಿರವೆಂದು ಅಂದಾಜು ಮಾಡಿತು. ಹೆಚ್ಚು ಹಾನಿಗೊಂಡ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳೂ ಇದ್ದವು. ಆ ವರದಿಯು ದಶಕಗಳವರೆಗೆ ಬೆಳಕು ಕಾಣಲಿಲ್ಲ.

ನಮ್ಮ ಆಚಾರ್ಯರು ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಆಕ್ರಮಣಕಾರಿಯನ್ನು ತಡೆಯುವಾಗ ಗೃಹಸ್ಥನಿಗೆ ಅನಿವಾರ್ಯವಾಗುವ ವಿರೋಧೀ ಹಿಂಸೆಗೆ ಮಿತಿಯುಂಟು. ರಜಾಕಾರರನ್ನು ತಡೆದುದು ಈ ವರ್ಗಕ್ಕೆ ಸೇರೀತು. ಆದರೆ ಶಸ್ತ್ರ ಹಿಡಿಯದ ನೆರೆಯವನನ್ನು ಕೊಂದುದು ಸಂಕಲ್ಪೀ ಹಿಂಸೆಯೇ. ಯಾವ ವಿಜಯವೂ ಅದನ್ನು ತೊಳೆಯಲಾರದು. ಫಲವು ಒಳ್ಳೆಯದಾದ ಮಾತ್ರಕ್ಕೆ ಕರ್ಮಬಂಧವು ತಪ್ಪುವುದಿಲ್ಲ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಮುಂದಾಗಿ ಯೋಚಿಸಿದುದು ಇದನ್ನೇ: ಇಬ್ಬರ ವಿವಾದಕ್ಕೆ ಸಾವಿರಾರು ಜೀವಗಳೇಕೆ ಬಲಿಯಾಗಬೇಕು? ಅಣ್ಣಿಗೇರಿಯ ನಂಟುಳ್ಳ ಆದಿಕವಿ ಪಂಪನು ಈ ಪ್ರಸಂಗವನ್ನು 941ರ ಆದಿಪುರಾಣದಲ್ಲಿ ನಮಗಾಗಿ ಉಳಿಸಿದ್ದಾನೆ.

ಆದ್ದರಿಂದ ನಮ್ಮ ಉತ್ತರವಿಷ್ಟು: ಸೈನ್ಯವು ಅತ್ಯಾಚಾರಿಯನ್ನು ಇಳಿಸಬಲ್ಲುದು, ಪ್ರಜೆಯನ್ನು ನಿರ್ಮಿಸಲಾರದು. ಇಳಿಸುವಾಗ ಆದ ಅನ್ಯಾಯದ ಲೆಕ್ಕವನ್ನು ಗೆದ್ದವರೇ ಒಪ್ಪಿಸಬೇಕು.

1948ರ ಆ ಐದು ದಿನಗಳು ದಶಲಕ್ಷಣ ಪರ್ವದ ಕೊನೆಯ ದಿನಗಳಾಗಿದ್ದವು. ಕ್ಷಮೆಯನ್ನು ಮೊದಲ ಧರ್ಮವೆಂದು ಓದುತ್ತಿದ್ದ ಹೊತ್ತಿನಲ್ಲೇ ನೆರೆನಾಡು ಉರಿಯುತ್ತಿತ್ತು. ಪ್ರತಿ ಸೆಪ್ಟೆಂಬರ 17ರಂದು ಕಲ್ಯಾಣ ಕರ್ನಾಟಕದಲ್ಲಿ ಧ್ವಜವೇರುವುದು ಯುಕ್ತವೇ. ಅದೇ ದಿನಗಳಲ್ಲಿ ಬರುವ ಕ್ಷಮಾವಾಣಿಯಂದು ನಮ್ಮ ಬಸದಿಗಳ ಸಮಿತಿಗಳು ಗೋರ್ಟಾದ ಮೃತರನ್ನೂ, ಆ ಬಳಿಕ ಹೆಸರಿಲ್ಲದೆ ಅಳಿದವರನ್ನೂ ಒಂದೇ ಉಸಿರಿನಲ್ಲಿ ಸ್ಮರಿಸಲಿ. ಎಲ್ಲ ಜೀವರಲ್ಲಿ ಕ್ಷಮೆ ಬೇಡುವ ನಮಗೆ ಇದು ಹೊಸ ವ್ರತವೇನೂ ಅಲ್ಲ.